‘ಚೆರ್ನೋಬಿಲ್’ ಸರಣಿ: ನಾಲ್ಕನೇ ಕಂತನ್ನು ದಯವಿಟ್ಟು ಓಡಿಸಿ ನೋಡಬೇಡಿ

ಕಡೇ ಸಾಲಿನ ನೋಡುಗ:

ಐದೇ ಕಂತುಗಳ ಸರಣಿ. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ರಿಯಾಕ್ಟರ್ ಸಿಡಿದ ಕತೆ. 2019ರ ಮೇ ತಿಂಗಳಲ್ಲಿ ಶುರುವಾಗಿದ್ದು. ಬರೆದವರು ಕ್ರೇಗ್ ಮೇಜಿನ್, ನಿರ್ದೇಶನ ಯೋಹಾನ್ ರೆಂಕ್. ಇಲ್ಲಿ ತುಂಬಾ ಜನ ನೋಡಿರುತ್ತೀರಿ. ಆದರೆ ಯಾರ ಹತ್ತಿರ ಇದರ ಮಾತು ತೆಗೆದರೂ ಒಂದೇ ಉತ್ತರ ಬರುತ್ತದೆ. "ಮೊದಲನೇದು ನೋಡಿ ಮೈ ನಡುಗಿತು. ಕೊನೇದು ಅದ್ಭುತ. ನಾಲ್ಕನೇದರಲ್ಲಿ ನಾಯಿಗಳನ್ನ ಕೊಲ್ತಾರೆ, ಅದನ್ನ ಓಡಿಸಿಬಿಟ್ಟೆ."

ನನ್ನ ಪ್ರಕಾರ ಇಡೀ ಸರಣಿಯ ಜೀವ ಇರುವುದು ಆ ನಾಲ್ಕನೇ ಕಂತಿನಲ್ಲೇ.

ಮೊದಲ ಮೂರು ಕಂತುಗಳಲ್ಲಿ ತಡೆಯಬೇಕಾದ್ದು ಏನಾದರೂ ಒಂದು ಇರುತ್ತದೆ. ಬೆಂಕಿ ಆರಿಸಬೇಕು. ರಿಯಾಕ್ಟರಿನ ಕೆಳಗಿನ ನೀರು ಖಾಲಿ ಮಾಡಬೇಕು. ಅದರ ಅಡಿಗೆ ಸುರಂಗ ತೋಡಬೇಕು. ಹೊತ್ತು ಮೀರುತ್ತಿದೆ ಎಂಬ ಆತಂಕದಲ್ಲಿ ನಾವೂ ಕೂತು ನೋಡುತ್ತೇವೆ. ನಾಲ್ಕನೇ ಕಂತು ಶುರುವಾಗುವ ಹೊತ್ತಿಗೆ ಆ ಓಟ ಮುಗಿದಿದೆ. ಉಳಿದಿರುವುದು ಚೊಕ್ಕ ಮಾಡುವ ಕೆಲಸ. ಊರು ಖಾಲಿ ಮಾಡಿಸಬೇಕು. ಮೇಲ್ಮಣ್ಣು ಹೆರೆದು ಹೂಳಬೇಕು. ಜನ ಬಿಟ್ಟುಹೋದ ಪ್ರಾಣಿಗಳನ್ನು ಕೊಲ್ಲಬೇಕು. ರಿಯಾಕ್ಟರಿನಿಂದ ಸಿಡಿದು ಸ್ಥಾವರದ ತಾರಸಿ ಮೇಲೆ ಬಿದ್ದಿರುವ, ವಿಕಿರಣ ಸೂಸುವ ಗ್ರಾಫೈಟ್ ತುಂಡುಗಳನ್ನು ಕೆಳಕ್ಕೆ ತಳ್ಳಬೇಕು. ಈ ಕೆಲಸಕ್ಕೆ ಬಂದ ಒಬ್ಬರಿಗೂ ಅಪಘಾತಕ್ಕೂ ಸಂಬಂಧವಿಲ್ಲ. ಬಟನ್ ಒತ್ತಿದವರು ಇವರಲ್ಲ, ಸುಳ್ಳು ವರದಿ ಬರೆದವರೂ ಇವರಲ್ಲ. ಯಾರೋ ಕರೆಸಿದರು, ಬಂದರು.

ಮೊದಲ ದೃಶ್ಯವನ್ನೇ ನೋಡಿ. ಎಂಬತ್ತೆರಡು ವರ್ಷದ ಅಜ್ಜಿ ಕೊಟ್ಟಿಗೆಯಲ್ಲಿ ಹಸು ಕರೆಯುತ್ತಿದ್ದಾಳೆ. ಸೈನಿಕನೊಬ್ಬ ಬಂದು ಎದ್ದು ನಡಿ ಎನ್ನುತ್ತಾನೆ. ಅವಳು ಕರೆಯುವುದನ್ನು ನಿಲ್ಲಿಸದೆ ಮಾತಾಡುತ್ತಾಳೆ. ಕ್ರಾಂತಿ ಬಂತು, ಹೋಗು ಅಂದರು, ಹೋಗಲಿಲ್ಲ. ಸ್ಟಾಲಿನ್ ಕಾಲದ ಬರಗಾಲ ಬಂತು, ಮನೆಯವರು ಸತ್ತರು, ಹೋಗಲಿಲ್ಲ. ಜರ್ಮನ್ನರು ಬಂದರು, ಆಗಲೂ ಹೋಗಲಿಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡವಳು ಈಗ ಕಣ್ಣಿಗೇ ಕಾಣದ ಒಂದಕ್ಕೆ ಹೆದರಿ ಹೋಗಬೇಕಾ ಎಂದು ಕೇಳುತ್ತಾಳೆ. ಸೈನಿಕ ಹಾಲು ಚೆಲ್ಲುತ್ತಾನೆ. ಅವಳು ಮತ್ತೆ ಕರೆಯಲು ಕೂರುತ್ತಾಳೆ. ಆಮೇಲೆ ಅವನು ಹಸುವಿಗೆ ಗುಂಡು ಹೊಡೆಯುತ್ತಾನೆ. ಆ ಹುಡುಗನ ಮುಖದಲ್ಲಿ ಸಿಟ್ಟೇ ಇಲ್ಲ. ಅವನಿಗೆ ಬೇರೆ ದಾರಿ ತೋಚಲಿಲ್ಲ, ಅಷ್ಟೇ. ವಿಕಿರಣದ ಬಗ್ಗೆ ಎಷ್ಟು ಪುಟ ಓದಿದರೂ ನನಗೆ ಅರ್ಥವಾಗದ್ದು ಈ ಕೆಲವೇ ನಿಮಿಷಗಳಲ್ಲಿ ಅರ್ಥವಾಯಿತು.

ಇನ್ನು ನಾಯಿಗಳ ಭಾಗ. ಪಾವೆಲ್ ಎಂಬ ಹುಡುಗನನ್ನು ಬಾಚೋ ಮತ್ತು ಗಾರೋ ಜೊತೆ ಕಳಿಸುತ್ತಾರೆ. ಅವರಿಬ್ಬರೂ ಅಫ್ಘಾನಿಸ್ತಾನದ ಯುದ್ಧ ಮಾಡಿ ಬಂದವರು. ಬಾಚೋ ಹಾಕುವ ನಿಯಮ ಒಂದೇ: ಪ್ರಾಣಿ ನರಳಬಾರದು. ಸಾಕಿದ ನಾಯಿಗಳಲ್ಲವಾ, ಮನುಷ್ಯರು ಕಂಡರೆ ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬರುತ್ತವೆ. ಅದೇ ಕಷ್ಟ. ಪಾವೆಲ್‌ನ ಮೊದಲ ಗುಂಡಿಗೆ ನಾಯಿ ಸಾಯುವುದಿಲ್ಲ. ಬಾಚೋ ಬಂದು ಮುಗಿಸುತ್ತಾನೆ. ಆಮೇಲೆ ತಾನು ಮೊದಲ ಸಲ ಮನುಷ್ಯನನ್ನು ಕೊಂದ ಕತೆ ಹೇಳುತ್ತಾನೆ. ಮಾರನೇ ದಿನ ಏಳುವಾಗ ಬೇರೆ ಮನುಷ್ಯ ಆಗಿರುತ್ತೇನೆ ಅಂದುಕೊಂಡಿದ್ದನಂತೆ. ಎದ್ದರೆ ಅದೇ ಮನುಷ್ಯ. ಈ ಮೂವರು ಕೂತು ತಿನ್ನುವಾಗ ಎದುರಿಗೆ ಒಂದು ಘೋಷಣೆ ಕಾಣುತ್ತದೆ: ಸಕಲ ಮನುಕುಲದ ಸುಖವೇ ನಮ್ಮ ಗುರಿ. ಕಂತಿನ ಹೆಸರು ಬಂದಿದ್ದು ಅಲ್ಲಿಂದ.

ತಾರಸಿಯ ದೃಶ್ಯದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ತೊಂಬತ್ತು ಸೆಕೆಂಡು, ಒಂದೇ ಶಾಟ್. ನಿಮ್ಮ ಅಭಿಪ್ರಾಯ ಬರೆಯಿರಿ. ಐದರಲ್ಲಿ ನಿಮಗೆ ಯಾವುದು ಮೇಲು, ಯಾಕೆ?

ರಾತ್ರಿಪಾಳಿ:

ನಾನು ನರ್ಸ್. ಹಾಗಾಗಿ ಮೂರನೇ ಕಂತಿನ ಬಗ್ಗೆ ಹೇಳುತ್ತೇನೆ, ಆಮೇಲೆ ನಿಮ್ಮ ನಾಲ್ಕನೇದರ ಬಗ್ಗೆ ಒಂದು ತಕರಾರು ಇದೆ.

ಮೂರನೇದರಲ್ಲಿ ಫೈರ್‌ಮನ್ ವಾಸಿಲಿ ಇಗ್ನಾಟೆಂಕೊ ಮಾಸ್ಕೋದ 6ನೇ ಆಸ್ಪತ್ರೆಯಲ್ಲಿದ್ದಾನೆ. ಹೆಂಡತಿ ಲ್ಯುದ್ಮಿಲಾ ಹುಡುಕಿಕೊಂಡು ಬಂದಾಗ ಅವನು ಗೆಳೆಯರ ಜೊತೆ ಇಸ್ಪೀಟ್ ಆಡುತ್ತಾ ನಗುತ್ತಿದ್ದಾನೆ. ಇನ್ನೇನು ವಾಸಿಯಾಯಿತು ಅನ್ನಿಸುತ್ತದೆ. ಇದು ಕತೆಗಾಗಿ ಸೇರಿಸಿದ್ದಲ್ಲ. ತೀವ್ರ ವಿಕಿರಣ ತಾಗಿದವರಿಗೆ ಮೊದಲು ವಾಂತಿ, ಸುಸ್ತು. ಆಮೇಲೆ ಕೆಲವು ದಿನ ಚೇತರಿಸಿಕೊಂಡ ಹಾಗೆ ಇರುತ್ತಾರೆ. ಅಷ್ಟರಲ್ಲಿ ಒಳಗೆ ಅಸ್ಥಿಮಜ್ಜೆ ಸತ್ತಿರುತ್ತದೆ, ಹೊಸ ರಕ್ತಕಣ ಹುಟ್ಟುವುದಿಲ್ಲ. ಆಮೇಲೆ ಎಲ್ಲಾ ಒಟ್ಟಿಗೆ ಕುಸಿಯುತ್ತದೆ. ವಾಸಿಲಿ ತೀರಿಕೊಂಡಿದ್ದು 1986ರ ಮೇ 13ಕ್ಕೆ. ಆ ನಗುವಿನ ದೃಶ್ಯ ಇಟ್ಟಿದ್ದಕ್ಕೆ ಬರೆದವರಿಗೆ ಕೈ ಮುಗಿಯಬೇಕು.

ಸ್ಥಾವರದ ಪಕ್ಕದ ಊರು ಪ್ರಿಪ್ಯಾತ್‌ನ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆ ಹಾಲು ಸವರುತ್ತಾರಲ್ಲ, ಆಗ ಡಾಕ್ಟರಮ್ಮ ಒಬ್ಬರು ತಡೆದು "ಮೊದಲು ಬಟ್ಟೆ ತೆಗೀರಿ" ಎನ್ನುವುದೂ ಸರಿ. ಬಟ್ಟೆಯಲ್ಲೇ ವಿಷ ಇತ್ತು. ಆ ಬಟ್ಟೆಗಳನ್ನು ನೆಲಮಾಳಿಗೆಗೆ ಎಸೆದಿದ್ದು ನಿಜ, ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದವು.

ತಕರಾರು ಏನೆಂದರೆ, ನಾಲ್ಕನೇ ಕಂತಿನ ಕೊನೆಯಲ್ಲಿ ಲ್ಯುದ್ಮಿಲಾಳ ಮಗು ಹುಟ್ಟಿದ ನಾಲ್ಕು ಗಂಟೆಗೆ ಸತ್ತಿತು, ತಾಯಿಗೆ ತಾಗಬೇಕಿದ್ದ ವಿಕಿರಣವನ್ನು ಮಗು ಹೀರಿಕೊಂಡಿತು ಎನ್ನುತ್ತಾರೆ. ಹಾಗೆ ಆಗುವುದಿಲ್ಲ. ಮೈ ತೊಳೆದು ಬಟ್ಟೆ ಬದಲಿಸಿದ ಮೇಲೆ ರೋಗಿಯಿಂದ ಪಕ್ಕದವರಿಗೆ ದೊಡ್ಡ ಅಪಾಯ ಇರುವುದಿಲ್ಲ. ಆಸ್ಪತ್ರೆಯಲ್ಲಿ ವಾಸಿಲಿಯ ಸುತ್ತ ತೋರಿಸುವ ಪ್ಲಾಸ್ಟಿಕ್ ಪರದೆ ಹಾಕುವುದು ರೋಗಿಗೆ ಹೊರಗಿನ ಸೋಂಕು ತಗಲದಿರಲಿ ಎಂದು. ಸರಣಿ ಅದನ್ನು ಉಲ್ಟಾ ಅರ್ಥ ಬರುವ ಹಾಗೆ ತೋರಿಸಿತು. ಈಗಲೇ ಜನ ಕ್ಯಾನ್ಸರ್ ರೋಗಿಯನ್ನು ಮುಟ್ಟಲು ಹೆದರುತ್ತಾರೆ. ವಾರ್ಡಿನಲ್ಲಿ ನಾನು ದಿನಾ ನೋಡುತ್ತೇನೆ. ಇಂಥದ್ದು ಆ ಹೆದರಿಕೆಯನ್ನು ಹೆಚ್ಚು ಮಾಡುತ್ತದೆ.

ಕಡೇ ಸಾಲಿನ ನೋಡುಗ:

ಮೇಡಂ, ನಿಮ್ಮ ತಕರಾರು ಸರಿಯಾಗಿದೆ. ಆದರೆ ಒಂದು ಮಾತು. ಸ್ವೆತ್ಲಾನಾ ಅಲೆಕ್ಸಿಯೆವಿಚ್ ಸಂತ್ರಸ್ತರನ್ನು ಮಾತಾಡಿಸಿ ಪುಸ್ತಕ ಮಾಡಿದರಲ್ಲ, 2015ರ ನೊಬೆಲ್ ಬಂತಲ್ಲ, ಅದರಲ್ಲಿ ಲ್ಯುದ್ಮಿಲಾ ಸ್ವತಃ ಹೀಗೇ ಹೇಳಿಕೊಂಡಿದ್ದಾರೆ. ಮಗಳು ಎಲ್ಲವನ್ನೂ ತನ್ನ ಮೇಲೆ ಎಳೆದುಕೊಂಡು ನನ್ನನ್ನು ಉಳಿಸಿದಳು ಎಂದು. ಮಗು ಕಳೆದುಕೊಂಡ ತಾಯಿಯ ನಂಬಿಕೆ ಅದು. ಅದನ್ನು ತಾಯಿಯ ಬಾಯಲ್ಲೇ ಹೇಳಿಸಿದ್ದರೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ವಿಜ್ಞಾನಿ ಖೊಮ್ಯುಕ್ ಬಾಯಲ್ಲಿ ಹಾಕಿದರು ನೋಡಿ, ಅಲ್ಲಿ ಎಡವಟ್ಟಾಯಿತು. ಅವಳು ಹೇಳಿದ ತಕ್ಷಣ ಅದು ವಿಜ್ಞಾನ ಆಗಿಬಿಡುತ್ತದೆ. ಆ ಒಂದು ಸಾಲು ಇಲ್ಲದಿದ್ದರೂ, ಹೆರಿಗೆ ವಾರ್ಡಿನಲ್ಲಿ ಖಾಲಿ ತೊಟ್ಟಿಲಿನ ಪಕ್ಕ ಕೂತಿರುವ ಲ್ಯುದ್ಮಿಲಾಳ ಶಾಟ್ ಒಂದೇ ಸಾಕಾಗಿತ್ತು.

ಫಿಸಿಕ್ಸ್ ಮೇಷ್ಟ್ರು:

ನನ್ನ ಓಟು ಐದನೇ ಕಂತಿಗೆ. ಪಿಯುಸಿ ಮಕ್ಕಳಿಗೆ ಪಾಠ ಮಾಡುವವನು ನಾನು. ಟಿವಿಯಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡಿದ್ದನ್ನು ಬೇರೆ ಎಲ್ಲೂ ನೋಡಿಲ್ಲ.

ಅಪಘಾತದ ವಿಚಾರಣೆ ನಡೆಯುವ ಕೋರ್ಟಿನಲ್ಲಿ ವಿಜ್ಞಾನಿ ಲೆಗಾಸೊವ್ ಕೆಂಪು ಮತ್ತು ನೀಲಿ ಹಲಗೆಗಳನ್ನು ಜೋಡಿಸುತ್ತಾ ಹೋಗುತ್ತಾನೆ. ಕೆಂಪು ಅಂದರೆ ರಿಯಾಕ್ಟರಿನ ಕ್ರಿಯೆಯನ್ನು ಏರಿಸುವುದು, ನೀಲಿ ಅಂದರೆ ಇಳಿಸುವುದು. ಯುರೇನಿಯಂ ಇಂಧನ ಕೆಂಪು. ಬೋರಾನ್ ಇರುವ ಕಂಟ್ರೋಲ್ ರಾಡ್ ನೀಲಿ. ತಣ್ಣಗಿನ ನೀರು ನೀಲಿ. ನೀರು ಆವಿಯಾದರೆ ಆ ಜಾಗಕ್ಕೆ ಕೆಂಪು. ಕ್ಸೆನಾನ್ ತುಂಬಿಕೊಂಡರೆ ನೀಲಿ. ಒಂದೊಂದೇ ತೆಗೆಯುತ್ತಾ, ಇಡುತ್ತಾ ಬರುತ್ತಾನೆ. ಕೊನೆಗೆ ಹಲಗೆಯಲ್ಲಿ ನೀಲಿಯೇ ಉಳಿಯುವುದಿಲ್ಲ. ಒಂದು ಸಮೀಕರಣ ಇಲ್ಲ, ಆದರೂ ಎಲ್ಲಾ ಇದೆ.

ಆ ರಾತ್ರಿಯ ಲೆಕ್ಕ ಹೀಗೆ. ರಿಯಾಕ್ಟರಿನ ಪೂರ್ತಿ ಶಾಖಶಕ್ತಿ 3,200 ಮೆಗಾವ್ಯಾಟ್. ಆ ರಾತ್ರಿ ಮಾಡಲಿದ್ದ ಸುರಕ್ಷತಾ ಪರೀಕ್ಷೆಗೆ 700 ಬೇಕಿತ್ತು. ಕೀವ್‌ನಿಂದ ವಿದ್ಯುತ್ ಬೇಕು ಎಂದು ಫೋನ್ ಬಂದು, ಅರ್ಧ ಶಕ್ತಿಯಲ್ಲೇ ಸುಮಾರು ಹತ್ತು ಗಂಟೆ ನಡೆಸಿದರು. ಕ್ಸೆನಾನ್ ಕೂಡಿಕೊಂಡಿತು. ಆಮೇಲೆ ಇಳಿಸಲು ಹೋದಾಗ ಸೀದಾ 30ಕ್ಕೆ ಬಿತ್ತು. ಏರಿಸಲು ಕಂಟ್ರೋಲ್ ರಾಡುಗಳನ್ನು ಒಂದೊಂದಾಗಿ ಹೊರಗೆಳೆದರು. ಸರಣಿಯ ಪ್ರಕಾರ 211ರಲ್ಲಿ 205 ಹೊರಗೆ. ಅಷ್ಟಾದರೂ ಏರಿದ್ದು 200ಕ್ಕೆ. ನೀರು ಕುದಿಯತೊಡಗಿತು. ಎಲ್ಲಾ ನಿಲ್ಲಿಸಲೆಂದು ಎಝಡ್-5 ಬಟನ್ ಒತ್ತಿದರೆ, ಒಳಗೆ ಇಳಿದ ರಾಡುಗಳ ತುದಿಯಲ್ಲಿ ಕ್ರಿಯೆ ಏರಿಸುವ ಗ್ರಾಫೈಟ್. ನಿಲ್ಲಿಸಬೇಕಾದ ಬಟನ್ನೇ ಶಕ್ತಿ ಏರಿಸಿತು. ತುದಿಗೆ ಗ್ರಾಫೈಟ್ ಯಾಕೆ ಎಂದು ನ್ಯಾಯಾಧೀಶರು ಕೇಳುತ್ತಾರೆ. ಅಗ್ಗವಾಗುತ್ತದೆ ಎಂದು ಲೆಗಾಸೊವ್ ಹೇಳುತ್ತಾನೆ.

ನಾಲ್ಕನೇದು ಮನಸ್ಸು ಕಲಕುತ್ತದೆ, ಒಪ್ಪುತ್ತೇನೆ. ಆದರೆ ಯಾಕೆ ಆಯಿತು ಎಂದು ಗೊತ್ತಾಗದೆ ಬರೀ ದುಃಖ ಪಟ್ಟು ಏನು ಮಾಡುವುದು ಸರ್?

ಇತಿಹಾಸದ ಹುಳ:

ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ ಆ ಪಾಠ ಅಲ್ಲಿ ನಡೆಯಲೇ ಇಲ್ಲ. 1987ರ ಜುಲೈ ವಿಚಾರಣೆಗೆ ಲೆಗಾಸೊವ್ ಬಂದೇ ಇರಲಿಲ್ಲ. ಸರ್ಕಾರದ ಕಡೆಯಿಂದ ಉಸ್ತುವಾರಿಗೆ ಬಂದ ಉಪಪ್ರಧಾನಿ ಶೆರ್ಬಿನಾ ಕೂಡ. ಖೊಮ್ಯುಕ್ ಎಂಬ ವಿಜ್ಞಾನಿಯೇ ಇರಲಿಲ್ಲ, ಹಲವರನ್ನು ಸೇರಿಸಿ ಮಾಡಿದ ಪಾತ್ರ ಅದು. ಲೆಗಾಸೊವ್ ದೊಡ್ಡ ವರದಿ ಕೊಟ್ಟಿದ್ದು ಹಿಂದಿನ ವರ್ಷ ಆಗಸ್ಟಿನಲ್ಲಿ, ವಿಯೆನ್ನಾದಲ್ಲಿ. ಎರಡನೇ ಕಂತಿನ ಹೆಲಿಕಾಪ್ಟರ್ ಅಪಘಾತ ಆಗಿದ್ದು ಅಕ್ಟೋಬರಿನಲ್ಲಿ, ರೆಕ್ಕೆ ಕ್ರೇನಿನ ಕೇಬಲ್‌ಗೆ ತಾಗಿ. ಮೊದಲ ದಿನಗಳಲ್ಲಿ ಅಲ್ಲ.

ನನಗೆ ಜಾಸ್ತಿ ಬೇಸರ, ಆ ರಾತ್ರಿ ಪರೀಕ್ಷೆ ನಡೆಸಿದ ಉಪಮುಖ್ಯ ಎಂಜಿನಿಯರ್ ದ್ಯಾಟ್ಲೊವ್ ವಿಷಯದಲ್ಲಿ. ಸರಣಿ ಅವನನ್ನು ಕೂಗಾಡುವ ರಾಕ್ಷಸ ಮಾಡಿಬಿಟ್ಟಿತು. ಪಾಲ್ ರಿಟ್ಟರ್ ನಟನೆ ಅಪ್ಪಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ 1992ರ ವರದಿ ತನ್ನ ಹಳೇ ತೀರ್ಮಾನ ತಿದ್ದಿಕೊಂಡು, ರಿಯಾಕ್ಟರಿನ ವಿನ್ಯಾಸದ ಮೇಲೇ ಹೆಚ್ಚು ಹೊರೆ ಹಾಕಿತು. ದ್ಯಾಟ್ಲೊವ್, ಸ್ಥಾವರದ ನಿರ್ದೇಶಕ ಬ್ರ್ಯುಖಾನೊವ್, ಮುಖ್ಯ ಎಂಜಿನಿಯರ್ ಫೋಮಿನ್ ಮೂವರಿಗೂ ಹತ್ತು ಹತ್ತು ವರ್ಷ ಶಿಕ್ಷೆ ಆಯಿತು. ಸುಳ್ಳಿಗೆ ಯಾವ ಬೆಲೆ ತೆರಬೇಕು ಎಂದು ಮೊದಲ ಸಾಲಿನಿಂದ ಕೇಳುವ ಸರಣಿ ಇದು. ಬದುಕಿದ್ದ ಮನುಷ್ಯನೊಬ್ಬನ ಬಗ್ಗೆ ಇನ್ನಷ್ಟು ನಿಯತ್ತು ತೋರಿಸಬೇಕಿತ್ತು.

ಹಾಗಾಗಿ ನನ್ನ ಆಯ್ಕೆ ಮೊದಲನೇ ಕಂತು. ಕಂಟ್ರೋಲ್ ರೂಮಿನಲ್ಲಿ ಯಾರಿಗೂ ಏನಾಗಿದೆ ಎಂದು ಗೊತ್ತಿಲ್ಲ. ರಿಯಾಕ್ಟರ್ ಸಿಡಿದಿದೆ ಎಂದು ಒಬ್ಬ ಬಂದು ಹೇಳಿದರೆ ನಂಬುವುದಿಲ್ಲ. ವಿಕಿರಣ ಅಳೆಯುವ ಮೀಟರ್ 3.6 ರಾಂಟ್‌ಜನ್ ತೋರಿಸುತ್ತಿದೆ, ಯಾಕೆಂದರೆ ಆ ಮೀಟರ್ ತೋರಿಸುವುದೇ ಅಲ್ಲಿಯವರೆಗೆ. ಆ ಅಂಕಿ ಒಬ್ಬರಿಂದ ಒಬ್ಬರಿಗೆ, ಮೇಲೆ ಮೇಲೆ ವರದಿಯಾಗುತ್ತಾ ಹೋಗುತ್ತದೆ. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಗೊತ್ತಿರುವ ವಿಷಯ.

ಹೆಡ್‌ಫೋನ್:

ಮೊದಲನೇ ಕಂತಿನ ಓಟಿಗೆ ನನ್ನದೂ ಒಂದು ಸೇರಿಸಿ, ಬೇರೆ ಕಾರಣಕ್ಕೆ. ಸ್ಫೋಟವನ್ನು ಹೇಗೆ ತೋರಿಸಿದ್ದಾರೆ ಗಮನಿಸಿದ್ದೀರಾ? ಲ್ಯುದ್ಮಿಲಾಳ ಮನೆಯ ಕಿಟಕಿಯಾಚೆ, ದೂರದಲ್ಲಿ, ಸದ್ದೇ ಇಲ್ಲದೆ ಬೆಳಕು. ಕೆಲವು ಕ್ಷಣ ಆದಮೇಲೆ ಮನೆ ಅದುರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕಿವಿ ಒಡೆಯುವ ಹಾಗೆ ಢಂ ಅನ್ನಿಸುತ್ತಿದ್ದರು.

ಸಂಗೀತ ಐಸ್‌ಲ್ಯಾಂಡಿನ ಹಿಲ್ದುರ್ ಗುಡ್ನಡೋಟಿರ್ ಅವರದ್ದು. ಲಿಥುವೇನಿಯಾದಲ್ಲಿ ಮುಚ್ಚಿಹೋದ ಇಗ್ನಲಿನಾ ಅಣುಸ್ಥಾವರಕ್ಕೆ ಹೋಗಿ, ಅಲ್ಲಿನ ಬಾಗಿಲು, ಪಂಪು, ಗೋಡೆಗಳ ಸದ್ದು ರೆಕಾರ್ಡ್ ಮಾಡಿ, ಅದರಿಂದಲೇ ಸಂಗೀತ ಕಟ್ಟಿದರು. ಸರಣಿಯ ಒಂದಷ್ಟು ಚಿತ್ರೀಕರಣ ನಡೆದಿದ್ದೂ ಅಲ್ಲೇ. ಟಿವಿ ಸ್ಪೀಕರಿನಲ್ಲಿ ಅರ್ಧ ಕೇಳಿಸುವುದಿಲ್ಲ. ಎರಡನೇ ಕಂತಿನ ಕೊನೆಯನ್ನು ಹೆಡ್‌ಫೋನ್ ಹಾಕಿಕೊಂಡು ನೋಡಿ. ರಿಯಾಕ್ಟರಿನ ಕೆಳಗಿನ ನೀರು ಖಾಲಿ ಮಾಡಲು ಹೋದ ಮೂವರು ಕತ್ತಲ ನೀರಿನಲ್ಲಿ, ಟಾರ್ಚ್ ಒಂದೊಂದಾಗಿ ಆರುತ್ತದೆ, ಉಳಿಯುವುದು ವಿಕಿರಣ ಅಳೆಯುವ ಡೋಸಿಮೀಟರಿನ ಚಿಟಿಚಿಟಿ. ಅಂದ ಹಾಗೆ ಆ ಮೂವರೂ ಬದುಕಿ ಬಂದರು, ಆಮೇಲೂ ಬಹಳ ವರ್ಷ ಬಾಳಿದರು. ಕೆಲವೇ ದಿನಕ್ಕೆ ಸತ್ತರು ಎಂದು ಈಗಲೂ ಜನ ಬರೆಯುತ್ತಿರುತ್ತಾರೆ, ಅದು ಸುಳ್ಳು.

ಕಾಳಿ ದಂಡೆ:

ನಾನು ಉತ್ತರ ಕನ್ನಡದವನು. ಈ ಸರಣಿ ಬಂದಾಗ ನಮ್ಮ ಕಡೆ ಎಲ್ಲರೂ ಕೇಳುತ್ತಿದ್ದಿದ್ದು ಒಂದೇ ಪ್ರಶ್ನೆ, ಕೈಗಾದಲ್ಲಿ ಹೀಗಾದರೆ ಅಂತ. ಮೇಷ್ಟ್ರು ಹೇಳಿದ ಗ್ರಾಫೈಟ್ ಕೈಗಾದಲ್ಲಿ ಇಲ್ಲ. ಅದು ಭಾರಜಲದ ರಿಯಾಕ್ಟರ್, 220 ಮೆಗಾವ್ಯಾಟಿನ ನಾಲ್ಕು ಘಟಕ. ವಿನ್ಯಾಸವೇ ಬೇರೆ. ಹಾಗೆಂದು ಹೆದರಿದವರನ್ನು ದಡ್ಡರು ಅನ್ನಲೂ ಆಗುವುದಿಲ್ಲ. 1994ರಲ್ಲಿ ಕಟ್ಟುತ್ತಿರುವಾಗಲೇ ಗುಮ್ಮಟದ ಒಳಭಾಗ ಕಳಚಿ ಬಿದ್ದಿತ್ತು. ಶಿವರಾಮ ಕಾರಂತರಂಥವರು ಅದಕ್ಕೂ ಮೊದಲೇ ಬೀದಿಗೆ ಇಳಿದಿದ್ದರು. ಅದೇ ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತು. ಎರಡೂ ನಿಜ, ಎರಡನ್ನೂ ಹೇಳಬೇಕು.

ಆದರೆ ನಾನು ಬರೆಯಬೇಕು ಅಂದುಕೊಂಡಿದ್ದು ಆ ಅಜ್ಜಿಯ ಬಗ್ಗೆ. ನಮ್ಮ ಅಜ್ಜಿಯ ತವರು ಹಳೇ ಸೂಪಾ. ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರು. ಅಲ್ಲಿಯವರನ್ನು ರಾಮನಗರಕ್ಕೆ ಕಳಿಸಿದರು. ನಮ್ಮಲ್ಲಿ ಯಾರೂ ಬಂದೂಕು ಹಿಡಿದು ಬರಲಿಲ್ಲ, ಹಸು ಕೊಲ್ಲಲಿಲ್ಲ. ಆ ಸಂಕಟ ಈ ಸಂಕಟ ಒಂದೇ ಎಂದು ಹೇಳುತ್ತಿಲ್ಲ. ಆದರೆ ಎದ್ದು ಹೋಗು ಎಂದವರ ಎದುರು ದಿನದ ಕೆಲಸ ಮುಂದುವರಿಸುವುದು ಇದೆಯಲ್ಲ, ಅದು ನನಗೆ ಗೊತ್ತು. ನೀರು ಬರುತ್ತದೆ ಎಂದು ಗೊತ್ತಿದ್ದೂ ಆ ವರ್ಷವೂ ಗದ್ದೆ ನೆಟ್ಟಿದ್ದೆವು ಎಂದು ಅಜ್ಜಿ ಹೇಳುತ್ತಿದ್ದರು. ಆ ದೃಶ್ಯ ಬರೆದವರು ಇಂಥವರನ್ನು ಕೂತು ಕೇಳಿದ್ದಾರೆ. ನನ್ನ ಓಟು ನಾಲ್ಕಕ್ಕೆ.

ಬ್ರೂನೋ ಅಮ್ಮ:

ನಾಯಿಗಳ ಭಾಗ ಓಡಿಸಿ ನೋಡಿದವರಲ್ಲಿ ನಾನೂ ಒಬ್ಬಳು. ನಮ್ಮ ಮನೆಯಲ್ಲೂ ನಾಯಿ ಇದೆ. ನನಗೆ ಆಗುವುದಿಲ್ಲ ಅಣ್ಣ. ಇದನ್ನು ನೋಡದಿದ್ದರೆ ಏನೋ ಕಳೆದುಕೊಂಡೆ ಎನ್ನುವುದು ಸರಿಯಲ್ಲ. ಕೊಲ್ಲುತ್ತಾರೆ ಎಂದು ಗೊತ್ತಾದರೆ ಸಾಕಲ್ವಾ, ಅಷ್ಟು ಹೊತ್ತು ತೋರಿಸಬೇಕಿತ್ತಾ?

ಕಡೇ ಸಾಲಿನ ನೋಡುಗ:

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಒಂದು ವಿಷಯ ಹೇಳಲೇಬೇಕು. ಹಿಂಸೆ ಅಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ನಾಯಿಮರಿಗಳಿರುವ ಮನೆಯೊಳಗೆ ಪಾವೆಲ್ ಬಂದೂಕು ಹಿಡಿದು ನಿಲ್ಲುತ್ತಾನೆ, ಅವನಿಂದ ಆಗುವುದಿಲ್ಲ. ಬಾಚೋ ಅವನನ್ನು ಹೊರಗೆ ಕಳಿಸುತ್ತಾನೆ. ಹೊರಗೆ ನಿಂತ ಹುಡುಗನ ಜೊತೆ ನಾವೂ ಸದ್ದು ಕೇಳುತ್ತೇವೆ, ಅಷ್ಟೇ. ಕ್ಯಾಮೆರಾ ಇರುವುದು ಪಾವೆಲ್‌ನ ಮುಖದ ಮೇಲೆ. ಪಾವೆಲ್ ಪಾತ್ರ ಮಾಡಿದ ಬ್ಯಾರಿ ಕಿಯೋಗನ್ ಆಗ ಈಗಿನಷ್ಟು ಹೆಸರು ಮಾಡಿರಲಿಲ್ಲ. ಕಂತಿನ ಶುರುವಿನ ಆ ಹುಡುಗನ ಕಣ್ಣು ಕೊನೆಗೆ ಇರುವುದೇ ಇಲ್ಲ. ಅಷ್ಟು ಹೊತ್ತು ತೋರಿಸದಿದ್ದರೆ ಆ ಬದಲಾವಣೆ ನಮಗೆ ಕಾಣುತ್ತಿರಲಿಲ್ಲ.

ಇತಿಹಾಸದ ಹುಳ ಅವರಿಗೂ ಇಲ್ಲೇ ಉತ್ತರ ಕೊಡುತ್ತೇನೆ. ದ್ಯಾಟ್ಲೊವ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುವಂಥದ್ದೇ. ಖೊಮ್ಯುಕ್ ವಿಷಯದಲ್ಲಿ ಅಲ್ಲ. ಅವಳು ಕಲ್ಪಿತ ಪಾತ್ರ ಎಂದು ಸರಣಿಯೇ ಕೊನೆಗೆ ಬರೆದು ಹೇಳುತ್ತದೆ. ಜೊತೆಗೆ ಮೇಜಿನ್ ಪ್ರತಿ ಕಂತಿಗೂ ಒಂದು ಪಾಡ್‌ಕಾಸ್ಟ್ ಮಾಡಿ, ಯಾವುದು ನಿಜ, ಯಾವುದನ್ನು ಬದಲಾಯಿಸಿದೆ ಎಂದು ತಾವೇ ವಿವರಿಸಿದರು. ಇಷ್ಟು ಮುಚ್ಚುಮರೆ ಇಲ್ಲದೆ ಹೇಳಿಕೊಂಡ ಬೇರೆ ಐತಿಹಾಸಿಕ ಸರಣಿ ನಾನು ನೋಡಿಲ್ಲ.

ಮೇಷ್ಟ್ರಿಗೆ ಒಂದು ಮಾತು. ಯಾಕೆ ಆಯಿತು ಎನ್ನುವುದು ನಾಲ್ಕನೇ ಕಂತಿನಲ್ಲೂ ಇದೆ ಸರ್. ತಾರಸಿ ಚೊಕ್ಕ ಮಾಡಲು ಪಶ್ಚಿಮ ಜರ್ಮನಿಯಿಂದ ‘ಜೋಕರ್’ ಎಂಬ ರೋಬೋ ತರಿಸುತ್ತಾರೆ. ಮೇಲೆ ಇಳಿಸಿದ ತಕ್ಷಣ ಸಾಯುತ್ತದೆ. ಯಾಕೆಂದರೆ ಜರ್ಮನ್ನರಿಗೆ ಕೊಟ್ಟ ಅಂಕಿ 2,000 ರಾಂಟ್‌ಜನ್, ನಿಜವಾಗಿ ಇದ್ದಿದ್ದು 12,000. ಹೊರಗಿನವರಿಗೆ ಸಣ್ಣ ಅಂಕಿ ಹೇಳಿ ಮರ್ಯಾದೆ ಉಳಿಸಿಕೊಂಡರು. ಶೆರ್ಬಿನಾ ಫೋನ್ ಕುಟ್ಟಿ ಪುಡಿ ಮಾಡುತ್ತಾನೆ. ಆಮೇಲೆ ಯಂತ್ರದ ಜಾಗಕ್ಕೆ ಮನುಷ್ಯರನ್ನು ಕಳಿಸುತ್ತಾರೆ. ನಿಮ್ಮ ಕೆಂಪು ಹಲಗೆಯ ಪಾಠವೇ ಇಲ್ಲಿ ಸಲಿಕೆ ಹಿಡಿದು ನಿಂತಿದೆ.

ರಾತ್ರಿಪಾಳಿ:

ತಾರಸಿ ದೃಶ್ಯ ನಿನ್ನೆ ಮತ್ತೆ ನೋಡಿದೆ. ಗಂಟೆ ಬಾರಿಸಿದಾಗ ಓಡುತ್ತಾರೆ, ಗಂಟೆ ಬಾರಿಸಿದಾಗ ವಾಪಸ್. ಮಧ್ಯೆ ಅವರ ಉಸಿರಿನ ಸದ್ದು ಮಾತ್ರ. ಒಬ್ಬ ಎಡವುತ್ತಾನೆ, ಬೂಟು ಹರಿಯುತ್ತದೆ. ಹೊರಗೆ ಬಂದ ಮೇಲೆ ನಿನ್ನದು ಮುಗಿಯಿತು ಎನ್ನುತ್ತಾರೆ. ಸರದಿ ಮುಗಿಯಿತು ಅಂತಲೋ, ಬದುಕೇ ಮುಗಿಯಿತು ಅಂತಲೋ, ಅವನಿಗೂ ಗೊತ್ತಾಗಲ್ಲ. ಹೀಗೆ ಮೇಲೆ ಹತ್ತಿದವರು 3,828 ಮಂದಿ ಅಂತೆ. ಮಗುವಿನ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. ಆದರೆ ಈ ತೊಂಬತ್ತು ಸೆಕೆಂಡಿಗೆ ಆ ಕಂತನ್ನು ಮೂರನೇದರ ಪಕ್ಕದಲ್ಲೇ ಇಡುತ್ತೇನೆ.

ಫಿಸಿಕ್ಸ್ ಮೇಷ್ಟ್ರು:

ಜೋಕರ್ ವಿಷಯ ಒಳ್ಳೇದು ನೆನಪಿಸಿದಿರಿ. ನನ್ನ ಓಟು ಬದಲಾಗುವುದಿಲ್ಲ, ಆದರೆ ಆ ದೃಶ್ಯವನ್ನು ಮಕ್ಕಳಿಗೆ ತೋರಿಸಬಹುದು ಅನ್ನಿಸುತ್ತಿದೆ. ಕೋರ್ಟಿನ ಭಾಗದ ಮೊದಲು ತೋರಿಸಲಾ, ಆಮೇಲಾ?

ಕಡೇ ಸಾಲಿನ ನೋಡುಗ:

ಮೊದಲು ಜೋಕರ್, ಅದರ ಬೆನ್ನಿಗೇ ತಾರಸಿ. ಆಮೇಲೆ ಹಲಗೆಗಳು. ಸಲಿಕೆ ಹಿಡಿದವರನ್ನು ನೋಡಿದ ಮಕ್ಕಳು ಕೆಂಪು ಯಾವುದು, ನೀಲಿ ಯಾವುದು ಎಂದು ತಾವೇ ಕೇಳುತ್ತಾರೆ. ನಾಯಿಗಳ ಭಾಗ ತರಗತಿಗೆ ಬೇಡ ಸರ್.